ನೆನಪಿಟ್ಟುಕೊಳ್ಳುವ ದುಡ್ಡು

ಮೈಸೂರಿನ ಮೇಟಗಳ್ಳಿ ಕಡೆ ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆಯೊಂದರ ನೋಟು ಮುದ್ರಣಾಲಯವಿದೆ. 1996ರಿಂದ ಅಲ್ಲಿ ನೋಟು ಅಚ್ಚಾಗುತ್ತಿದೆ. ನೋಟಿನ ಕಾಗದ ಮಾಡುವ ಕಾರ್ಖಾನೆಯೂ ಆಮೇಲೆ ಇದೇ ಊರಿಗೆ ಬಂತು. ಒಂದೊಂದು ನೋಟಿಗೂ ಕ್ರಮಸಂಖ್ಯೆ, ಒಂದೊಂದು ಹಾಳೆಗೂ ಲೆಕ್ಕ, ಬಾಗಿಲಿಗೆ ಬಂದೂಕಿನ ಕಾವಲು. ಆದರೆ ಇಷ್ಟೆಲ್ಲ ಲೆಕ್ಕ ಗೇಟಿನವರೆಗೆ ಮಾತ್ರ. ಆಚೆ ಬಂದ ನೋಟು ಯಾವ ಹೂವಿಗೆ ಸಂದಿತು, ಯಾವ ಮಾತ್ರೆಗೆ ಸಂದಿತು, ಯಾರ ಕೈಗಡ ತೀರಿಸಿತು ಎಂದು ಯಾರೂ ಬರೆದಿಡುವುದಿಲ್ಲ.

ಅಲ್ಲಿಂದ ರಿಂಗ್ ರಸ್ತೆಯಲ್ಲಿ ಹಿನಕಲ್ ದಾಟಿ ಇಳಿದರೆ ಬೋಗಾದಿ. ನಿನ್ನೆ ಮೊನ್ನೆಯವರೆಗೆ ಹಳ್ಳಿ, ಆಮೇಲೆ ಪಟ್ಟಣ ಪಂಚಾಯಿತಿಯಾದ ಊರು. ಒಂದು ಮಗ್ಗುಲಿಗೆ ಮಾನಸಗಂಗೋತ್ರಿ, ವಾಕ್ ಶ್ರವಣ ಸಂಸ್ಥೆ, ಇನ್ನೊಂದು ಮಗ್ಗುಲಿಗೆ ಅಮೃತ ವಿದ್ಯಾಪೀಠದ ಕ್ಯಾಂಪಸ್ಸು. ನಡುವೆ ಪಿ.ಜಿ.ಗಳು, ಮೆಸ್ಸುಗಳು, ಜೆರಾಕ್ಸ್ ಅಂಗಡಿಗಳು, ಸಂಜೆಯ ಗೋಬಿ ಗಾಡಿಗಳು. ಪಕ್ಕದೂರಿನಲ್ಲೇ ಅಚ್ಚಾಗುವ ನೋಟನ್ನು ಇಲ್ಲಿನ ಹುಡುಗರು ಮುಟ್ಟುವುದು ಅಪರೂಪ. ಹತ್ತು ರೂಪಾಯಿ ಚಹಾಕ್ಕೂ ‘ಸ್ಕ್ಯಾನರ್ ಎಲ್ಲಣ್ಣ?’ ಎಂದೇ ಕೇಳುತ್ತಾರೆ. ಹದಿನೆಂಟು ತುಂಬಿ ಪಿ.ಜಿ. ಸೇರಿದವರ ಹಣಕಾಸಿನ ಜೀವನಚರಿತ್ರೆ ಆ ಚಹಾದಿಂದಲೇ ಶುರುವಾಗುತ್ತದೆ. ಅದನ್ನು ಬರೆಯುವವರು ಮಾತ್ರ ಅವರಲ್ಲ. ಬ್ಯಾಂಕು ಬರೆಯುತ್ತದೆ, ಆ್ಯಪ್ ಬರೆಯುತ್ತದೆ, ಸಾಲ ಕೊಟ್ಟ ಕಂಪನಿ ಬರೆಯುತ್ತದೆ. ಬರೆದದ್ದನ್ನು ಓದುವವರ ಪಟ್ಟಿ ಇನ್ನೂ ಉದ್ದ. ಆ ಪಟ್ಟಿಯಲ್ಲಿ ಎಲ್ಲರಿಗಿಂತ ಕೊನೆಗೆ ಬರುವವರು, ಬಹಳ ಸಲ, ಖಾತೆಯ ಒಡೆಯರೇ.

ಮೊದಲ ಓದುಗ ಅಂಗಡಿಯವನು. ಅವನು ಕೇಳದಿದ್ದರೂ ದುಡ್ಡಿನ ಜೊತೆಗೆ ನಿಮ್ಮ ಹೆಸರು ಅವನ ಫೋನಿಗೆ ಹೋಗುತ್ತದೆ. ನಿಮ್ಮ ಯುಪಿಐ ವಿಳಾಸ ಮೊಬೈಲ್ ನಂಬರಿನಿಂದಲೇ ಆದದ್ದಾದರೆ ಕೆಲವು ಕಡೆ ನಂಬರೂ ಹೋಗುತ್ತದೆ. ಹುಡುಗಿಯೊಬ್ಬಳು ಆಟೊಗೆ ಎಪ್ಪತ್ತು ರೂಪಾಯಿ ಕಳಿಸಿದ ರಾತ್ರಿಯೇ ‘ಹಾಯ್’ ಎಂಬ ಸಂದೇಶ ಬರುವುದು ಹೀಗೆ. ಇದಕ್ಕೆ ಮದ್ದು ಸುಲಭ, ಆದರೂ ಬಳಸುವವರು ಕಡಿಮೆ: ಬಹುತೇಕ ಎಲ್ಲ ಆ್ಯಪ್‌ಗಳಲ್ಲೂ ನಂಬರಿಲ್ಲದ ಇನ್ನೊಂದು ಯುಪಿಐ ವಿಳಾಸ ಮಾಡಿಕೊಂಡು ಅದನ್ನೇ ಮುಖ್ಯ ವಿಳಾಸವಾಗಿ ಇಟ್ಟುಕೊಳ್ಳಬಹುದು. ಹೆಸರನ್ನು ಮಾತ್ರ ಮರೆಸಲಾಗದು. ಹಣ ಕಳಿಸುವ ಮುನ್ನ ಪಡೆಯುವವರ ಬ್ಯಾಂಕಿನಲ್ಲಿರುವ ಹೆಸರನ್ನೇ ತೋರಿಸಬೇಕು, ಫೋನಿನಲ್ಲಿ ಇಟ್ಟುಕೊಂಡ ಅಡ್ಡಹೆಸರನ್ನಲ್ಲ ಎಂದು ರಾಷ್ಟ್ರೀಯ ಪಾವತಿ ನಿಗಮ 2025ರ ಜೂನ್ 30ರ ಗಡುವು ಹಾಕಿತು. ಮೋಸ ತಡೆಯಲು ಬಂದ ಒಳ್ಳೆಯ ನಿಯಮ ಅದು. ಆದರೆ ಯಾರದೋ ನಂಬರು ಒತ್ತಿ ಅವರ ಪೂರ್ತಿ ಹೆಸರು ತಿಳಿದುಕೊಳ್ಳಬೇಕೆನ್ನುವವನಿಗೂ ಅದೇ ಬಾಗಿಲು ತೆರೆದಿರುತ್ತದೆ. ಅದೇ ವರ್ಷದ ಅಕ್ಟೋಬರ್ 1ರಿಂದ ವ್ಯಕ್ತಿಯಿಂದ ವ್ಯಕ್ತಿಗೆ ‘ದುಡ್ಡು ಕಳಿಸಿ’ ಎಂದು ಕೋರುವ ಕಲೆಕ್ಟ್ ರಿಕ್ವೆಸ್ಟ್ ನಿಂತುಹೋಯಿತು. ಹಣ ಬರುತ್ತದೆಂದು ನಂಬಿ ಪಿನ್ ಒತ್ತಿ ಕಳೆದುಕೊಂಡವರ ಪಾಲಿಗೆ ತಡವಾಗಿ ಬಂದ ಉಪಕಾರ.

ನಮ್ಮಲ್ಲಿ ಒಂದು ಪುಣ್ಯ ಉಂಟು. ಅಮೆರಿಕದ ವೆನ್ಮೋ ಎಂಬ ಆ್ಯಪ್‌ನಲ್ಲಿ ಯಾರು ಯಾರಿಗೆ ಯಾತಕ್ಕೆ ದುಡ್ಡು ಕೊಟ್ಟರು ಎಂಬುದು, ಬಳಕೆದಾರ ಬೇಡವೆನ್ನದಿದ್ದರೆ, ಲೋಕಕ್ಕೆಲ್ಲ ಕಾಣುವಂತೆ ಇರುತ್ತಿತ್ತು. 2021ರಲ್ಲಿ ಪತ್ರಕರ್ತರು ಅಧ್ಯಕ್ಷ ಜೋ ಬೈಡನ್ ಅವರ ಖಾತೆಯನ್ನೇ ಅಲ್ಲಿ ಹುಡುಕಿ ತೆಗೆದರು. ಯುಪಿಐಗೆ ಅಂಥ ಬೀದಿ ಜಗಲಿ ಇಲ್ಲ.

ಬೀದಿ ಜಗಲಿ ಇಲ್ಲದಿದ್ದರೇನು, ಮನೆಯ ನಡುಮನೆ ಇದೆಯಲ್ಲ. ಎರಡನೆಯ ಓದುಗರು ಅಲ್ಲಿದ್ದಾರೆ. ಬೋಗಾದಿಯ ಪಿ.ಜಿ.ಯಲ್ಲಿ ನಡೆದ ಖರ್ಚು ಹುಣಸೂರಿನಲ್ಲೋ ಕೊಳ್ಳೇಗಾಲದಲ್ಲೋ ಅಪ್ಪನ ಫೋನಿನಲ್ಲಿ ಟಿಣ್ ಎನ್ನುವುದು ನಮ್ಮ ಕಡೆ ಮಾಮೂಲು. ಖಾತೆ ಮಾಡಿಸಿದಾಗ ಮಗಳಿಗೆ ಹದಿನಾರು. ಕೊಟ್ಟ ನಂಬರು ಅಪ್ಪನದು. ಹದಿನೆಂಟು ತುಂಬಿದ ಮೇಲೂ ಬದಲಾಯಿಸಿಲ್ಲ. ರಾತ್ರಿ ಹನ್ನೊಂದಕ್ಕೆ ಇನ್ನೂರ ಎಂಬತ್ತು ರೂಪಾಯಿ ಯಾಕೆ ಹೋಯಿತು ಎಂಬ ಪ್ರಶ್ನೆಗೆ ಬಿರಿಯಾನಿ ಎಂದರೆ ಒಂದು ಜಗಳ, ಸ್ತ್ರೀರೋಗ ತಜ್ಞರ ಫೀಸು ಎಂದರೆ ಇನ್ನೊಂದು. 2024ರಲ್ಲಿ ಬಂದ ‘ಯುಪಿಐ ಸರ್ಕಲ್’ ಈ ಏರ್ಪಾಟಿಗೆ ಕಾಯಂ ರೂಪ ಕೊಟ್ಟಿದೆ. ಅಪ್ಪನ ಖಾತೆಯಿಂದಲೇ ಮಗ ಖರ್ಚು ಮಾಡಬಹುದು: ತಿಂಗಳಿಗೆ 15 ಸಾವಿರದ ಮಿತಿಯೊಳಗೆ ತಾನೇ, ಇಲ್ಲವೇ ಪ್ರತಿ ಸಲ ಅಪ್ಪನ ಒಪ್ಪಿಗೆ ಪಡೆದು. ಅಪ್ಪನಿಗೆ ಎಲ್ಲವೂ ಕಾಣುತ್ತದೆ.

ಇದು ತಪ್ಪೆಂದು ನಾನು ಹೇಳಲಾರೆ. ದುಡ್ಡು ಅಪ್ಪನದಾದರೆ ಲೆಕ್ಕ ಕೇಳುವ ಹಕ್ಕೂ ಅವರದೇ. ಆದರೆ ಹಾಸ್ಟೆಲಿನಲ್ಲಿ ಓದುವ ಹುಡುಗಿಗೆ ತನ್ನದೇ ಹೆಸರಿನ, ತನ್ನದೇ ನಂಬರಿನ, ತನ್ನ ಮಿಂಚಂಚೆಗೆ ಸ್ಟೇಟ್‌ಮೆಂಟ್ ಬರುವ ಒಂದು ಸಣ್ಣ ಖಾತೆ ಇರಲೇಬೇಕು. ವಿದ್ಯಾರ್ಥಿವೇತನವೋ ಟ್ಯೂಷನ್ ಹೇಳಿ ಗಳಿಸಿದ್ದೋ ಅದರಲ್ಲಿರಲಿ. ಹತ್ತು ವರ್ಷ ದಾಟಿದ ಮಕ್ಕಳೇ ಸ್ವತಂತ್ರವಾಗಿ ಉಳಿತಾಯ ಖಾತೆ ನಡೆಸಲು ಬ್ಯಾಂಕುಗಳು ಬಿಡಬಹುದೆಂದು ರಿಸರ್ವ್ ಬ್ಯಾಂಕ್ 2025ರ ಏಪ್ರಿಲ್‌ನಲ್ಲಿ ಹೇಳಿದೆ. ಇಪ್ಪತ್ತರ ಹರೆಯದವರಿಗೆ ಅದು ಅತಿಯಾದ ಬೇಡಿಕೆಯೇನಲ್ಲ. ನಮ್ಮ ಅಜ್ಜಿಯಂದಿರು ಸಾಸಿವೆ ಡಬ್ಬಿಯಲ್ಲಿ ಇಟ್ಟುಕೊಳ್ಳುತ್ತಿದ್ದ ದುಡ್ಡಿಗೆ ಯಾವ ತಾತನೂ ಸ್ಟೇಟ್‌ಮೆಂಟ್ ಕೇಳಿರಲಿಲ್ಲ.

ಮೂರನೆಯ ಓದುಗ ಸರ್ಕಾರ. ಅದು ಹೇಗೆ ಓದುತ್ತದೆ ಎಂಬುದನ್ನು ಕರ್ನಾಟಕ 2025ರ ಜುಲೈನಲ್ಲಿ ಕಣ್ಣಾರೆ ಕಂಡಿತು. ಯುಪಿಐ ಮೂಲಕ ಬಂದ ಹಣದ ಮೊತ್ತವನ್ನು ಕಂಪನಿಗಳಿಂದ ತರಿಸಿಕೊಂಡ ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸಿತು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ ಎಂಬುದು ಕಾನೂನು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ನಾಲ್ಕು ವರ್ಷದಲ್ಲಿ 1.63 ಕೋಟಿ ವಹಿವಾಟಾಗಿದೆ, 29 ಲಕ್ಷ ಕಟ್ಟಿ ಎಂಬ ನೋಟಿಸ್ ಬಂತು. ಹಸಿ ತರಕಾರಿಗೆ ತೆರಿಗೆಯೇ ಇಲ್ಲ. ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳ ಮುಂದೆ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಹಾಳೆಗಳು ಅಂಟಿಕೊಂಡವು. ಅಣ್ಣ ಕಳಿಸಿದ ಕೈಗಡ, ಚೀಟಿ ದುಡ್ಡು, ಮದುವೆ ಮುಯ್ಯಿ ಎಲ್ಲ ಅದೇ ಖಾತೆಗೆ ಬಂದು ವ್ಯಾಪಾರದ ಲೆಕ್ಕಕ್ಕೆ ಸೇರಿದೆ ಎಂದು ಎಷ್ಟೋ ಜನ ಗೋಳಾಡಿದರು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಸಭೆ ಕರೆದು, ನೋಂದಣಿ ಮಾಡಿಸಿಕೊಂಡರೆ ಹಳೆಯ ಬಾಕಿ ಕೇಳುವುದಿಲ್ಲ ಎಂದು ಹೇಳಿದ ಮೇಲೆ ಬಿಸಿ ಇಳಿಯಿತು.

ಇಲಾಖೆಯ ಕೈಯಲ್ಲಿದ್ದದ್ದು ಮೊತ್ತ, ಕಥೆ ಅಲ್ಲ. ಯಾವ ರೂಪಾಯಿ ಬದನೆಕಾಯಿಯದು, ಯಾವುದು ಭಾವನ ಸಾಲದ್ದು ಎಂದು ಯುಪಿಐ ಹೇಳುವುದಿಲ್ಲ. ಪಿ.ಜಿ.ಯಿಂದಲೇ ಇನ್‌ಸ್ಟಾಗ್ರಾಂನಲ್ಲಿ ಕ್ರೋಶಾ ಬ್ಯಾಗು, ಮನೆಯ ಚಟ್ನಿಪುಡಿ ಮಾರುವ ಹುಡುಗಿಯರಿಗೆ ಈ ಪ್ರಕರಣ ನೇರವಾಗಿ ಸಂಬಂಧಿಸಿದ್ದು. ವ್ಯಾಪಾರಕ್ಕೊಂದು ಖಾತೆ, ಮನೆಗೊಂದು ಖಾತೆ ಇಟ್ಟವರಿಗೆ ಇಂಥ ದಿನ ಉತ್ತರ ಹೇಳುವುದು ಸುಲಭ.

ಪೊಲೀಸರೂ ಓದಬಹುದು. ಆನ್‌ಲೈನ್ ಬೆಟ್ಟಿಂಗ್ ತನಿಖೆಯೊಂದರಲ್ಲಿ ಗ್ರಾಹಕರ ವಿವರ ಕೇಳಿ 2022ರಲ್ಲಿ ಬಂದ ಪೊಲೀಸ್ ನೋಟಿಸನ್ನು ಫೋನ್‌ಪೇ ಕಂಪನಿ ಕರ್ನಾಟಕ ಹೈಕೋರ್ಟಿನಲ್ಲಿ ಪ್ರಶ್ನಿಸಿತ್ತು. 2025ರ ಏಪ್ರಿಲ್‌ನಲ್ಲಿ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಆ ಅರ್ಜಿ ವಜಾ ಮಾಡಿದರು: ಗ್ರಾಹಕರ ಖಾಸಗಿತನ ಕಾನೂನುಬದ್ಧ ತನಿಖೆಗೆ ಅಡ್ಡ ಬರಲಾಗದು ಎಂಬುದು ತೀರ್ಪಿನ ತಿರುಳು. ‘ಕಾನೂನುಬದ್ಧ’ ಎಂಬಲ್ಲೇ ಎಲ್ಲವೂ ನಿಂತಿದೆ. ಅದನ್ನು ಅಲ್ಲಿ ನಿಲ್ಲಿಸಿದವರಲ್ಲಿ ಮೈಸೂರಿನ ನಂಟಿನವರೊಬ್ಬರಿದ್ದಾರೆ. ಇಲ್ಲಿನ ಮಹಾರಾಜ ಕಾಲೇಜಿನಲ್ಲಿ ಓದಿ, ಮುಂದೆ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಯಾಗಿ ನಿವೃತ್ತರಾದ ಕೆ.ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆ ಮೊಕದ್ದಮೆಯಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಸರ್ಕಾರ ಓದಲೇಬಾರದು ಎಂದಲ್ಲ. ಓದಬೇಕಾದರೆ ಕಾನೂನು ಇರಬೇಕು, ನ್ಯಾಯವಾದ ಉದ್ದೇಶ ಇರಬೇಕು, ಅಗತ್ಯ ಇದ್ದಷ್ಟೇ ಓದಬೇಕು. ಮರುವರ್ಷ ಬಂದ ಆಧಾರ್ ತೀರ್ಪು ಬ್ಯಾಂಕ್ ಖಾತೆಗೂ ಸಿಮ್ಮಿಗೂ ಆಧಾರ್ ಜೋಡಣೆ ಕಡ್ಡಾಯವಲ್ಲ ಎಂದಿತು, ಪ್ಯಾನ್ ಜೋಡಣೆಯನ್ನು ಮಾತ್ರ ಉಳಿಸಿತು. ಪುಟ್ಟಸ್ವಾಮಿ 2024ರಲ್ಲಿ ತೀರಿಕೊಂಡರು. ಕ್ಯೂಆರ್ ಕೋಡಿಗೆ ಫೋನ್ ಹಿಡಿಯುವ ತಲೆಮಾರಿಗೆ ಅವರ ಹೆಸರು ಪರೀಕ್ಷೆಯ ಎರಡು ಅಂಕದ ಪ್ರಶ್ನೆಯಾಗಿ ಮಾತ್ರ ಗೊತ್ತಿದೆ ಎಂಬುದು ನನಗೆ ಕೊಂಚ ಬೇಸರದ ಸಂಗತಿ.

ಇನ್ನು ಎಲ್ಲರೂ ಹೆದರುವ, ಕೆಲವರೇ ತೆರೆದು ನೋಡಿರುವ ಕಡತ: ಕ್ರೆಡಿಟ್ ರಿಪೋರ್ಟ್. ‘ಸಿಬಿಲ್ ಹೋಯ್ತು ಮಗಾ’ ಎಂಬ ಮಾತು ಬೋಗಾದಿಯ ಟೀ ಅಂಗಡಿಯಲ್ಲೂ ಕೇಳುತ್ತದೆ. ಸಿಬಿಲ್ ಎಂಬುದು 2000ದಲ್ಲಿ ಹುಟ್ಟಿದ ಒಂದು ಕಂಪನಿ. ಇಂಥವು ದೇಶದಲ್ಲಿ ನಾಲ್ಕಿವೆ. ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್. ನಾಲ್ಕಕ್ಕೂ 2005ರ ಕಾಯ್ದೆ ಅನ್ವಯಿಸುತ್ತದೆ, ರಿಸರ್ವ್ ಬ್ಯಾಂಕಿನ ಹಿಡಿತವಿದೆ. ಬ್ಯಾಂಕು, ಫೈನಾನ್ಸ್ ಕಂಪನಿಗಳು ನೀವು ಪಡೆದ ಸಾಲ, ಕಟ್ಟಿದ ಕಂತು, ತಪ್ಪಿದ ಕಂತು ಎಲ್ಲವನ್ನೂ ಅವಕ್ಕೆ ಕಳಿಸುತ್ತವೆ. ಮೊದಲು ತಿಂಗಳಿಗೊಮ್ಮೆ ಕಳಿಸುತ್ತಿದ್ದುದು 2025ರ ಜನವರಿಯಿಂದ ಹದಿನೈದು ದಿನಕ್ಕೊಮ್ಮೆಯಾಯಿತು.

ಇದರಲ್ಲಿ ಏನಿಲ್ಲ ಎಂಬುದನ್ನು ಮೊದಲು ಹೇಳಬೇಕು, ಯಾಕೆಂದರೆ ತಪ್ಪು ತಿಳಿವಳಿಕೆ ಅಲ್ಲೇ ಇದೆ. ನಿಮ್ಮ ಖಾತೆಯಲ್ಲಿ ಎಷ್ಟಿದೆ ಎಂಬುದು ಅದರಲ್ಲಿಲ್ಲ. ನೀವು ಯುಪಿಐನಲ್ಲಿ ಯಾರಿಗೆ ಕೊಟ್ಟಿರಿ, ಡೆಬಿಟ್ ಕಾರ್ಡಿನಲ್ಲಿ ಏನು ಕೊಂಡಿರಿ ಎಂಬುದೂ ಇಲ್ಲ. ವರ್ಷಗಟ್ಟಲೆ ಶಿಸ್ತಾಗಿ ಯುಪಿಐ ಬಳಸಿದರೂ ಸ್ಕೋರು ಒಂದಂಕಿ ಏರುವುದಿಲ್ಲ. ಸಾಲವನ್ನೇ ಮುಟ್ಟದವರಿಗೆ 300ರಿಂದ 900ರವರೆಗಿನ ಅಂಕದ ಬದಲು ‘ಚರಿತ್ರೆ ಇಲ್ಲ’ ಎಂಬ ಗುರುತು ಬರುತ್ತದೆ. ಅದು ದೋಷವಲ್ಲ. ಮೊದಲ ಸಲ ಸಾಲ ಕೇಳುವವರಿಗೆ ಇಂತಿಷ್ಟು ಸ್ಕೋರು ಇರಲೇಬೇಕೆಂಬ ನಿಯಮ ಇಲ್ಲ, ಚರಿತ್ರೆ ಇಲ್ಲವೆಂಬ ಒಂದೇ ಕಾರಣಕ್ಕೆ ಅರ್ಜಿ ತಿರಸ್ಕರಿಸಬಾರದು ಎಂದು ಕೇಂದ್ರ ಹಣಕಾಸು ಸಚಿವಾಲಯ 2025ರ ಆಗಸ್ಟ್‌ನಲ್ಲಿ ಲೋಕಸಭೆಗೆ ತಿಳಿಸಿದೆ.

ಏನಿದೆ ಎಂದರೆ, ಹುಡುಗರು ಸಾಲವೆಂದೇ ಎಣಿಸದ ಸಾಲಗಳಿವೆ. ಬಡ್ಡಿಯಿಲ್ಲದ ಕಂತಿನ ಫೋನು ಒಂದು ಸಾಲ. ‘ಈಗ ತಗೊಳ್ಳಿ, ಮುಂದಿನ ತಿಂಗಳು ಕೊಡಿ’ ಎಂಬ ಗುಂಡಿ ಒತ್ತಿ ತರಿಸಿದ ಊಟ, ಅದರ ಹಿಂದೆ ಫೈನಾನ್ಸ್ ಕಂಪನಿಯಿದ್ದರೆ, ಒಂದು ಸಾಲ. ಗೆಳೆಯನ ಬೈಕಿಗೆ ಹಾಕಿದ ಜಾಮೀನು ರುಜು ನಿಮ್ಮ ರಿಪೋರ್ಟಿನಲ್ಲೂ ಕೂತಿರುತ್ತದೆ. ಪ್ರತಿ ಸಾಲದ ಕೆಳಗೆ ತಿಂಗಳು ತಿಂಗಳಿನ ಸಣ್ಣ ಚೌಕಗಳು: ಹೊತ್ತಿಗೆ ಸರಿಯಾಗಿ ಕಟ್ಟಿದ್ದರೆ 000, ತಡವಾಗಿದ್ದರೆ ಎಷ್ಟು ದಿನ ತಡವೋ ಅಷ್ಟು. ನಾನೂರು ರೂಪಾಯಿ ಬಾಕಿಗೂ ನಾಲ್ಕು ಲಕ್ಷದ ಬಾಕಿಗೂ ಅಲ್ಲಿ ಅಂಕಿ ಒಂದೇ ಥರ ಕಾಣುತ್ತದೆ. ಕಂಪನಿಯವನು ಫೋನ್ ಮಾಡಿ ‘ಅರ್ಧ ಕೊಡಿ, ಮುಗಿಸೋಣ’ ಎಂದಾಗ ಸಂತೋಷಪಟ್ಟು ಒಪ್ಪಿದವರ ಸಾಲದ ಮುಂದೆ ‘ಕ್ಲೋಸ್ಡ್’ ಬದಲು ‘ಸೆಟಲ್ಡ್’ ಎಂದು ಬೀಳುತ್ತದೆ. ಮುಂದೆ ಮನೆ ಸಾಲ ಕೇಳಲು ಹೋದಾಗ ಮ್ಯಾನೇಜರು ಆ ಪದದ ಮೇಲೆ ಬೆರಳಿಡುತ್ತಾರೆ.

ವಿಳಾಸಗಳೂ ಇವೆ. ಸಾಲಕ್ಕೆಂದು ಯಾವಾಗಲೋ ಕೊಟ್ಟ ಪಿ.ಜಿ.ಯ ವಿಳಾಸ, ಬಿಟ್ಟುಬಿಟ್ಟ ಸಿಮ್ಮಿನ ನಂಬರು ಎಲ್ಲವೂ ಸಾಲಾಗಿ. ಕೊನೆಯಲ್ಲಿ ಒಂದು ಪಟ್ಟಿ: ಸಾಲದ ಅರ್ಜಿಗಾಗಿ ನಿಮ್ಮ ರಿಪೋರ್ಟನ್ನು ಯಾವ ದಿನ ಯಾರು ತರಿಸಿ ನೋಡಿದರು. ಇಡೀ ಕಡತದಲ್ಲಿ ನನಗೆ ಬಹಳ ಉಪಯುಕ್ತವೆನಿಸುವ ಪುಟ ಅದೇ. ನೀವು ಅರ್ಜಿಯನ್ನೇ ಹಾಕದ ಕಂಪನಿಯ ಹೆಸರು ಅಲ್ಲಿದ್ದರೆ ನಿಮ್ಮ ಪ್ಯಾನ್ ಯಾರದೋ ಕೈಯಲ್ಲಿರಬಹುದು ಎಂದು ಅರ್ಥ. 2022ರ ಏಪ್ರಿಲ್‌ನಲ್ಲಿ ನಟ ರಾಜ್‌ಕುಮಾರ್ ರಾವ್ ತಮ್ಮ ಪ್ಯಾನ್ ಬಳಸಿ ಯಾರೋ 2,500 ರೂಪಾಯಿ ಸಾಲ ಎತ್ತಿದ್ದಾರೆ, ಸ್ಕೋರು ಬಿದ್ದಿದೆ ಎಂದು ಬಹಿರಂಗವಾಗಿ ದೂರಿದ್ದರು. ಸಿನಿಮಾ ನಟನ ಕಥೆಯೇ ಹೀಗಾದರೆ, ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಪ್ಯಾನ್, ಆಧಾರ್ ಎರಡರ ಪಿಡಿಎಫ್ ಬಿಟ್ಟು ಬರುವ ನಮ್ಮ ವಿದ್ಯಾರ್ಥಿಗಳ ಗತಿ?

ಈ ಕಡತ ಸಾಲಕ್ಕಷ್ಟೇ ಬೇಕಾಗುತ್ತದೆ ಎಂದುಕೊಳ್ಳುವ ಹಾಗೂ ಇಲ್ಲ. ಮಾನಸಗಂಗೋತ್ರಿಯ ಸುತ್ತಮುತ್ತ ಬ್ಯಾಂಕ್ ಪರೀಕ್ಷೆಗೆ ಕೂತು ಓದುವವರು ಬಹಳ. ಸಾಲ ಮರುಪಾವತಿಯ ಚರಿತ್ರೆ ಸರಿಯಿಲ್ಲವೆಂದು ಸ್ಟೇಟ್ ಬ್ಯಾಂಕ್ ಒಬ್ಬ ಅಭ್ಯರ್ಥಿಯ ನೇಮಕಾತಿ ರದ್ದು ಮಾಡಿದ್ದನ್ನು ಮದ್ರಾಸ್ ಹೈಕೋರ್ಟ್ 2025ರ ಜೂನ್‌ನಲ್ಲಿ ಎತ್ತಿಹಿಡಿಯಿತು. ಜನರ ದುಡ್ಡು ಕೈಯಲ್ಲಿ ಹಿಡಿಯುವವರಿಗೆ ಹಣಕಾಸಿನ ಶಿಸ್ತು ಬೇಕು ಎಂಬ ವಾದ ಒಪ್ಪಿತು. ಕೇರಳ ಹೈಕೋರ್ಟ್ 2023ರಲ್ಲಿ ಬೇರೆ ದಿಕ್ಕಿನಲ್ಲಿ ಯೋಚಿಸಿತ್ತು: ಸ್ಕೋರು ಕಡಿಮೆ ಎಂಬ ಕಾರಣಕ್ಕೆ ವಿದ್ಯಾರ್ಥಿಯ ಶಿಕ್ಷಣ ಸಾಲ ತಳ್ಳಿಹಾಕಬಾರದು, ನಾಳೆ ದೇಶ ಕಟ್ಟುವವರು ಅವರೇ ಎಂದು. ನನ್ನ ಒಲವು ಕೇರಳದ ಕಡೆಗೆ. ಹತ್ತೊಂಬತ್ತರಲ್ಲಿ ತಪ್ಪಿದ ಕಂತು ಇಪ್ಪತ್ತೈದರ ನೌಕರಿಯನ್ನು ನುಂಗುವುದು ಯಾವ ಲೆಕ್ಕದಲ್ಲೂ ಸಮವಲ್ಲ.

ನೋಡುವುದು ಹೇಗೆ? ನಾಲ್ಕೂ ಕಂಪನಿಗಳು ವರ್ಷಕ್ಕೊಂದು ಪೂರ್ತಿ ರಿಪೋರ್ಟನ್ನು ಪುಕ್ಕಟೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2017ರಿಂದ ಕಟ್ಟುಮಾಡಿದೆ. ಅವುಗಳ ಜಾಲತಾಣಕ್ಕೇ ಹೋಗಿ ಮೂರು ತಿಂಗಳಿಗೊಂದರಂತೆ ನೋಡಿದರೆ ವರ್ಷವಿಡೀ ಕಾವಲಿಟ್ಟಂತಾಯಿತು. ತನ್ನದನ್ನು ತಾನು ನೋಡಿದರೆ ಸ್ಕೋರು ಇಳಿಯುವುದಿಲ್ಲ. ಪಾವತಿ ಆ್ಯಪ್‌ಗಳೂ ‘ಉಚಿತ ಸ್ಕೋರ್’ ಎಂದು ಕರೆಯುತ್ತವೆ. ಅಲ್ಲಿ ಒತ್ತುವ ‘ಒಪ್ಪಿದೆ’ ಗುಂಡಿ ಆ ಕಂಪನಿಗೂ ಕಡತ ತೋರಿಸುವ ಅನುಮತಿ; ಮರುದಿನದಿಂದ ‘ನಿಮಗೆ ಎರಡು ಲಕ್ಷ ಮಂಜೂರಾಗಿದೆ’ ಎಂಬ ಸಂದೇಶಗಳು ಶುರುವಾಗುವುದರಲ್ಲಿ ಆಶ್ಚರ್ಯವಿಲ್ಲ. ತಪ್ಪು ಕಂಡರೆ ಅದೇ ಜಾಲತಾಣದಲ್ಲಿ ದೂರು ಕೊಡಬೇಕು. ಮೂವತ್ತು ದಿನದೊಳಗೆ ಸರಿಪಡಿಸದಿದ್ದರೆ ದಿನಕ್ಕೆ ನೂರು ರೂಪಾಯಿ ಪರಿಹಾರ ನಿಮಗೆ ಸಲ್ಲಬೇಕು. 2024ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮ. ಅದಕ್ಕೂ ಬಗ್ಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ. ಸಾಲ ಕೊಡುವವರು ಯಾರಾದರೂ ನಿಮ್ಮ ರಿಪೋರ್ಟು ತರಿಸಿದರೆ ನಿಮಗೆ ಎಸ್‌ಎಂಎಸ್ ಅಥವಾ ಮಿಂಚಂಚೆ ಬರಬೇಕೆಂಬುದೂ ಈಗ ನಿಯಮವೇ; ಕಡತದಲ್ಲಿರುವ ನಂಬರು ಚಾಲ್ತಿಯಲ್ಲಿದ್ದರೆ ಮಾತ್ರ ಅದರ ಪ್ರಯೋಜನ.

ಸಾಲದ ಆ್ಯಪ್‌ಗಳ ವಿಷಯ ಬೇರೆಯೇ. ಅವು ಓದುವುದು ನಿಮ್ಮ ಕಡತವನ್ನಲ್ಲ, ನಿಮ್ಮ ಬಂಧುಬಳಗವನ್ನು. ಮೂರು ಸಾವಿರ ರೂಪಾಯಿಗಾಗಿ ಫೋನಿನ ಕಾಂಟ್ಯಾಕ್ಟ್ಸ್ ಕೊಟ್ಟವರ ಚಿಕ್ಕಮ್ಮನಿಗೆ, ಹೆಚ್ಒಡಿಗೆ, ಹಳೆಯ ಗೆಳತಿಗೆ ತಿರುಚಿದ ಫೋಟೊ ಹೋಗುವುದು ವಸೂಲಿಯ ವಿಧಾನ. 2022ರ ಸೆಪ್ಟೆಂಬರ್‌ನಲ್ಲೇ ರಿಸರ್ವ್ ಬ್ಯಾಂಕ್ ಇದನ್ನು ನಿಷೇಧಿಸಿದೆ: ಕಾಂಟ್ಯಾಕ್ಟ್ಸ್, ಫೋಟೊಗಳು, ಕರೆಗಳ ಪಟ್ಟಿ ಮುಟ್ಟುವಂತಿಲ್ಲ, ಕ್ಯಾಮೆರಾ, ಸ್ಥಳದ ಮಾಹಿತಿ ಒಂದೇ ಸಲ, ಒಪ್ಪಿಗೆಯಿಂದ. ಹಾಗಾಗಿ ಇವತ್ತು ಕಾಂಟ್ಯಾಕ್ಟ್ಸ್ ಕೇಳುವ ಸಾಲದ ಆ್ಯಪ್ ಆ ಕೇಳಿಕೆಯಿಂದಲೇ ತಾನು ಎಂಥದ್ದೆಂದು ಒಪ್ಪಿಕೊಂಡಂತೆ. ಅಧಿಕೃತ ಆ್ಯಪ್‌ಗಳ ಪಟ್ಟಿ 2025ರ ಜುಲೈನಿಂದ ರಿಸರ್ವ್ ಬ್ಯಾಂಕಿನ ಜಾಲತಾಣದಲ್ಲಿದೆ. ಮೈಸೂರು, ಚಾಮರಾಜನಗರದ ಹಳ್ಳಿಗಳಲ್ಲಿ ಮೈಕ್ರೊಫೈನಾನ್ಸ್ ವಸೂಲಿಯ ಕಿರುಕುಳ ಸುದ್ದಿಯಾದ ಮೇಲೆ ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ತಂದ ಸುಗ್ರೀವಾಜ್ಞೆ ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು ಎಂದಿತು. ಎಲ್ಲಿದೆಯೆಂದೇ ಗೊತ್ತಿಲ್ಲದ ಆ್ಯಪ್‌ನ ಕಚೇರಿಗೆ ಆ ಕಾನೂನಿನ ಕೈ ಎಷ್ಟು ತಲುಪುತ್ತದೋ.

ಕಾಲೇಜು ಹುಡುಗರ ಮುಂದಿರುವ ಇನ್ನೊಂದು ಬಲೆ ಖಾತೆಯನ್ನೇ ಬಾಡಿಗೆಗೆ ಕೊಡುವುದು. ‘ನಿನ್ನ ಎಟಿಎಂ ಕಾರ್ಡು, ಸಿಮ್ಮು ಒಂದು ತಿಂಗಳು ಕೊಡು, ಐದು ಸಾವಿರ ತಗೋ.’ ಆ ಖಾತೆಯಲ್ಲಿ ಹರಿಯುವುದು ಎಲ್ಲೋ ಮುದುಕರೊಬ್ಬರನ್ನು ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸಿ ಕಿತ್ತ ದುಡ್ಡು. ಅವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದೊಡನೆ ಹಣ ಹೋದ ದಾರಿಯುದ್ದಕ್ಕೂ ಖಾತೆಗಳು ಸ್ತಂಭಿಸುತ್ತವೆ. ಮೊದಲು ಸಿಕ್ಕಿಬೀಳುವವನು ಖಾತೆಯಲ್ಲಿ ಹೆಸರಿರುವವನು, ಅಂದರೆ ಐದು ಸಾವಿರ ಪಡೆದ ವಿದ್ಯಾರ್ಥಿ. ‘ನನಗೇನೂ ಗೊತ್ತಿರಲಿಲ್ಲ ಸಾರ್’ ಎಂಬುದನ್ನು ಅವನು ಸೈಬರ್ ಅಪರಾಧ ನೋಡಿಕೊಳ್ಳುವ ಸಿಇಎನ್ ಠಾಣೆಯಲ್ಲಿ ಕೂತು ಸಾಬೀತು ಮಾಡಬೇಕು, ಕೆಲವೊಮ್ಮೆ ಬೇರೆ ರಾಜ್ಯದ ಠಾಣೆಯಲ್ಲಿ.

2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಗೆ 2025ರ ನವೆಂಬರ್‌ನಲ್ಲಿ ನಿಯಮಗಳು ಬಂದಿವೆ. ಕಂಪನಿಗಳ ಮುಖ್ಯ ಹೊಣೆಗಳು ಜಾರಿಗೆ ಬರಲು ಹದಿನೆಂಟು ತಿಂಗಳ ಕಾಲಾವಕಾಶ ಕೊಟ್ಟಿದ್ದಾರೆ. ಕೊಟ್ಟ ಒಪ್ಪಿಗೆ ಹಿಂಪಡೆಯುವ, ದತ್ತಾಂಶ ಅಳಿಸಿ ಎನ್ನುವ ಹಕ್ಕು ಆಗ ಸಿಗುತ್ತದೆ. ಆದರೆ ಬೇರೆ ಕಾನೂನಿನ ಪ್ರಕಾರ ಇಟ್ಟುಕೊಳ್ಳಲೇಬೇಕಾದ ದಾಖಲೆಗೆ ಆ ಹಕ್ಕು ತಗಲುವುದಿಲ್ಲ. ಕ್ರೆಡಿಟ್ ಕಂಪನಿಗಳು ಸಾಲದ ಮಾಹಿತಿಯನ್ನು ಕನಿಷ್ಠ ಏಳು ವರ್ಷ ಇಟ್ಟುಕೊಳ್ಳಬೇಕೆಂದು 2005ರ ಕಾಯ್ದೆಯಡಿಯ ನಿಯಮಾವಳಿಯೇ ಹೇಳುತ್ತದೆ.

ಪದವಿ ಮುಗಿಸಿ ಬೋಗಾದಿ ಬಿಡುವವರು ಹಾಸಿಗೆ ಸುತ್ತುವ ಮುನ್ನ ಮಾಡಬೇಕಾದ ಕೆಲಸವೊಂದಿದೆ. ಕೇರಳ, ಆಂಧ್ರ, ಉತ್ತರ ಕರ್ನಾಟಕದಿಂದ ಬಂದವರಲ್ಲಿ ಎಷ್ಟೋ ಜನ ಇಲ್ಲೊಂದು ಸಿಮ್ ಕೊಂಡು ಅದರ ಮೇಲೇ ಯುಪಿಐ ಮಾಡಿಕೊಂಡಿರುತ್ತಾರೆ, ಹೋಗುವಾಗ ರೀಚಾರ್ಜ್ ನಿಲ್ಲಿಸಿಬಿಡುತ್ತಾರೆ. ಕಡಿತವಾದ ನಂಬರನ್ನು ತೊಂಬತ್ತು ದಿನದ ನಂತರ ಬೇರೆಯವರಿಗೆ ಕೊಡಬಹುದು. ಅಂಥ ನಂಬರುಗಳ ಪಟ್ಟಿ ನೋಡಿ ವಾರಕ್ಕೊಮ್ಮೆ ತಮ್ಮ ದಾಖಲೆ ತಿದ್ದಿಕೊಳ್ಳಬೇಕೆಂದು ಪಾವತಿ ನಿಗಮ 2025ರ ಏಪ್ರಿಲ್‌ನಿಂದ ಬ್ಯಾಂಕುಗಳಿಗೂ ಆ್ಯಪ್‌ಗಳಿಗೂ ಹೇಳಿದೆಯಾದರೂ, ಬ್ಯಾಂಕಿಗೆ ಹೊಸ ನಂಬರು ಕೊಟ್ಟು, ಹಳೆಯದರ ಯುಪಿಐ ನೋಂದಣಿ ರದ್ದು ಮಾಡಿ, ನಾಲ್ಕು ಕ್ರೆಡಿಟ್ ಕಂಪನಿಗಳಲ್ಲೂ ಮಿಂಚಂಚೆ ಸರಿಯಿದೆಯೇ ನೋಡಿಕೊಳ್ಳುವುದು ಒಂದು ಮಧ್ಯಾಹ್ನದ ಕೆಲಸ. ಪಿ.ಜಿ.ಯ ಅಡ್ವಾನ್ಸ್ ವಾಪಸು ಪಡೆಯಲು ಅದಕ್ಕಿಂತ ಹೆಚ್ಚು ಅಲೆದಾಟವಾಗುತ್ತದೆ.